ಲಸಿಕೆ ಹಾಕಿಸಿಕೊಂಡ ಅಪರಾಧಕ್ಕಾಗಿ

ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿಯ ಜೂನ್ ತಿಂಗಳಲ್ಲಿ ಖಾನಾಪುರ ತಾಲೂಕಿನ ಅಗಳಿ ಪಂಥದ ಇನ್ನೂರ ಹನ್ನೆರಡು ಮಂದಿ ಕೊರೊನಾ ಲಸಿಕೆ ಹಾಕಿಸಿಕೊಂಡು ಕಾನೂನು ಉಲ್ಲಂಘಿಸಿದರು. ಎಲ್ಲವೂ ನಿಯಮಾನುಸಾರ ನಡೆಯಿತು.

ಅಗಳಿ ಪಂಥದವರು ಕಾಡಂಚಿನ ಬೇಲಿಯೊಳಗೆ ಬಾಗಿಲಿಗೆ ಅಗಳಿ ಜಡಿದುಕೊಂಡು ಬದುಕುವವರು. ಅವರ ಧರ್ಮ ಬಹಳ ಸರಳ: ಗೋಲ್ ಶಿಕ್ಕಾದ ಮೊಹರು ಬಿದ್ದ ಸರಕಾರಿ ಕಾಗದ ಏನು ಹೇಳುತ್ತದೋ ಅದರ ಉಲ್ಟಾ ಮಾಡುವುದು. ಬ್ರಿಟಿಷರ ಕಾಲದಲ್ಲಿ ಯಾವನೋ ಸಾಹೇಬ ಇವರ ಮೂಲ ಅಜ್ಜನನ್ನು ಬೈದಿದ್ದನಂತೆ. ಬೈದವ ಸತ್ತ, ಬೈಸಿಕೊಂಡವನೂ ಸತ್ತ. ಸಿಟ್ಟನ್ನು ಮಾತ್ರ ಇವರು ಜ್ವಾಕಿಯಾಗಿ ಇಟ್ಟುಕೊಂಡಿದ್ದಾರೆ. ದೂರ ದೂರ ಕೂಡಬೇಕೆಂಬ ಸುತ್ತೋಲೆ ಬಂದ ದಿನ, ಅಲ್ಲಿಯವರೆಗೆ ಮಡಿಯೆಂದು ಮಾರುದೂರ ಕೂಡುತ್ತಿದ್ದವರೆಲ್ಲ ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಮಾಸ್ಕಿನ ಸುತ್ತೋಲೆ ಬಂತು. ಮುಖ ಇನ್ನಷ್ಟು ತೆರೆದಿರಲಿ ಎಂದು ಗಂಡಸರು ಮೀಸೆಯನ್ನೂ ಬೋಳಿಸಿದರು.

ಆರೋಗ್ಯ ಕೇಂದ್ರದ ನರ್ಸ್ ಪ್ರಮಿಳಾಗೆ ಮಾತ್ರ ನಗು ಬರಲಿಲ್ಲ. ಅವಳ ತಾಯಿ ಪದ್ಮವ್ವ ಬೇಲಿಯೊಳಗಿದ್ದಳು. ದಮ್ಮಿನ ಬ್ಯಾನಿ ಬೇರೆ. ಹೊರಗಿನವನನ್ನು ಲಗ್ನವಾಗಿ ಪೀರನವಾಡಿ ಸೇರಿದ ಮಗಳಿಗೆ ಆರು ವರ್ಷದಿಂದ ಒಳಗೆ ಪ್ರವೇಶವಿಲ್ಲ. ಆ ವಾರ ಒಳಗಡೆ ಇಬ್ಬರು ತೀರಿಕೊಂಡಿದ್ದರು. ಪ್ರಮಿಳಾ ಹೆದರಿಹೋಗಿದ್ದಳು.

"ಯವ್ವಾ, ಇರವಿ ಕಡದಂಗ ಆಗ್ತೈತಿ ಅಷ್ಟ. ಕೈ ಮುಗೀತೀನಿ, ಲಸಿಕೆ ತಗೋ," ಎಂದು ಬೇಲಿಯಾಚೆಯಿಂದ ಕೂಗಿದಳು.

"ಸರಕಾರ ತಗೋ ಅಂದೈತಲ್ಲ, ಅದಕ್ಕ ಬ್ಯಾಡ," ಅಂದಳು ಪದ್ಮವ್ವ ಕೆಮ್ಮುತ್ತ. "ಬ್ಯಾಡ ಅಂದಿದ್ರ ನಮ್ಮ ಪಂಥದ ಹಿರ್ಯಾ ನಾಗಲಿಂಗಜ್ಜ ನಸುಕಿನ್ಯಾಗ ಎಬ್ಬಿಸಿ ಪಾಳಿ ಹಚ್ಚತಿದ್ದ."

ಮರುದಿನವೇ ಪ್ರಮಿಳಾ ಬೆಳಗಾವಿಯ ಬಸ್ ಹತ್ತಿ ಲಸಿಕಾ ಅಧಿಕಾರಿ ಮಾರ್ತಾಂಡ ಸಾಹೇಬರ ಮುಂದೆ ನಿಂತಳು.

"ಅಗಳಿ ಪಂಥಕ್ಕ ಲಸಿಕೆ ನಿಷೇಧ ಮಾಡ್ರಿ ಸಾಹೇಬ್ರ."

"ಹುಚ್ಚಗಿಚ್ಚ ಹಿಡದೈತೇನ್ರೀ?" ಎಂದ ಸಾಹೇಬರು, ಕಾರಣ ಕೇಳಿದ ಮೇಲೆ ಗಲ್ಲ ಕೆರೆದುಕೊಂಡರು. ಅವರ ಲಸಿಕೆ ಪಟ್ಟಿಯಲ್ಲಿ ಅಗಳಿ ಪಂಥದ ಕಾಲಮ್ಮಿನಲ್ಲಿ ಮೂರು ತಿಂಗಳಿಂದ ಸೊನ್ನೆ ಕೂತಿತ್ತು. "ಆ ಸೊನ್ನಿ ನೋಡಿ ನೋಡಿ ಊಟಾ ಸೇರವಲ್ದು ನನಗ. ಮಾಡೂಣು. ಆದ್ರ ಶಿಕ್ಷಾ ಬರೀಬೇಕು ನೋಡ್ರಿ. ಶಿಕ್ಷಾ ಇಲ್ಲದ ನಿಷೇಧ ಅಂದ್ರ ಉಪ್ಪಿಲ್ಲದ ಸಾರು."

ಆದೇಶ ಹೊರಟಿತು:

"ಅಗಳಿ ಪಂಥದ ಯಾರೂ ಯಾವ ಕಾರಣಕ್ಕೂ ಲಸಿಕೆ ಹಾಕಿಸಿಕೊಳ್ಳತಕ್ಕದ್ದಲ್ಲ. ತಪ್ಪಿದಲ್ಲಿ ಅಪರಾಧ ನಡೆದ ಸ್ಥಳದಲ್ಲಿಯೇ ಅರ್ಧ ತಾಸು ಕುಳ್ಳಿರಿಸಿ ನಿಗಾ ಇಡಲಾಗುವುದು. ಜ್ವರ ಬಂದಲ್ಲಿ ಗುಳಿಗೆ ನುಂಗುವ ಶಿಕ್ಷೆ ವಿಧಿಸಲಾಗುವುದು. ಎಂಬತ್ತನಾಲ್ಕು ದಿನಗಳ ತರುವಾಯ ಅದೇ ಅಪರಾಧವನ್ನು ಪುನಃ ಎಸಗುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸಿದೆ."

ಕಾಗದವನ್ನು ಬಾಗಿಲಿಗೆ ಅಂಟಿಸಿದ ಮರುಮುಂಜಾನೆ ಅಗಳಿ ತೆರೆದು, ಇಡೀ ಪಂಥ ಆರೋಗ್ಯ ಕೇಂದ್ರದ ಮುಂದೆ ಪಾಳಿ ಹಚ್ಚಿತು. ಎಲ್ಲರ ಮುಂದೆ ಅಂಗಿಯ ತೋಳು ಮಡಚಿಕೊಂಡು ನಾಗಲಿಂಗಜ್ಜ.

"ನಮಗ ಬ್ಯಾಡ ಅನ್ನಾಕ ಇವರು ಯಾರು? ಚುಚ್ಚ್ರಿ!"

"ಕಾಯ್ದೆ ಮುರೀತೈತ್ರಿ ಅಜ್ಜಾರ," ಅಂದಳು ಪ್ರಮಿಳಾ.

"ಹಂಗಾದ್ರ ಜೋರಲೆ ಚುಚ್ಚ್ರಿ!"

ಪದ್ಮವ್ವನ ಪಾಳಿ ಬಂತು. ತಾಯಿಯ ಸೊರಗಿದ ರಟ್ಟೆ ಹಿಡಿದೊಡನೆ ಪ್ರಮಿಳಾಳ ಕಣ್ಣು ತುಂಬಿದವು.

"ಅಳಬ್ಯಾಡ," ಅಂದಳು ಪದ್ಮವ್ವ, "ಸೂಜಿ ತಪ್ಪೀತು."

ಅಪರಾಧಿಗಳ ಹೆಸರು, ವಯಸ್ಸು, ಚುಚ್ಚಿದ ತೋಳು ಯಾವುದೆಂಬ ವಿವರಗಳೊಡನೆ ಪಟ್ಟಿ ಬೆಳಗಾವಿಗೆ ಹೋಯಿತು. ನಿಷೇಧ ನೂರಕ್ಕೆ ನೂರು ವಿಫಲವಾದದ್ದಕ್ಕೆ ಕಚೇರಿಯಲ್ಲಿ ಪೇಢೆ ಹಂಚಿದರು. ಅಪರಾಧಕ್ಕೆ ಕುಮ್ಮಕ್ಕು ಕೊಟ್ಟ ಪ್ರಮಿಳಾಗೆ ಒಂದೇ ಲಕೋಟೆಯಲ್ಲಿ ನೋಟಿಸೂ ಪ್ರಶಂಸಾ ಪತ್ರವೂ ಬಂದವು. ಸುದ್ದಿ ಕೇಳಿ ಬೆಳಗಾವಿಯ ಮಹಾಂತೇಶ ನಗರದ ನಿವಾಸಿಗಳು, ನಮಗ್ಯಾಕೆ ನಿಷೇಧವಿಲ್ಲ, ನಾವೇನು ಪಾಪ ಮಾಡಿದ್ದೇವೆ ಎಂದು ಮನವಿ ಕೊಟ್ಟರು. ಎಂಬತ್ತನಾಲ್ಕನೆಯ ದಿನ ಎರಡನೆಯ ಅಪರಾಧವೂ ಸಾಂಗವಾಗಿ ನೆರವೇರಿ, ಬಾಗಿಲಿಗೆ ಮತ್ತೆ ಅಗಳಿ ಬಿತ್ತು.

ಪ್ರಮಿಳಾ ಮತ್ತೆ ಬಸ್ ಹತ್ತಿದಳು. ಮಾರ್ತಾಂಡ ಸಾಹೇಬರು ಈ ಸಲ ಕಾರಣ ಕೇಳಲಿಲ್ಲ, ಶಿಕ್ಕಾ ಒತ್ತಿಯೇ ಕೊಟ್ಟರು: "ಪ್ರಮಿಳಾ ಎಂಬ ಮಹಿಳೆಯನ್ನು ತವರಿಗೆ ಕರೆಯತಕ್ಕದ್ದಲ್ಲ. ಕರೆದರೂ ಉಣ್ಣಿಸತಕ್ಕದ್ದಲ್ಲ."

ಆ ಆಯಿತವಾರ ಕರೆಯಲು ಪೀರನವಾಡಿಗೆ ಖುದ್ದು ನಾಗಲಿಂಗಜ್ಜನೇ ಬಂದಿದ್ದ. ತವರಿನ ಒಲೆಯ ಮುಂದೆ ಕೂತು ಎರಡು ರೊಟ್ಟಿ ಉಂಡು, ಹೊಟ್ಟೆ ತುಂಬಿತೆಂದು ಪ್ರಮಿಳಾ ಕೈ ಅಡ್ಡ ಹಿಡಿದಳು.

"ಇನ್ನೊಂದ್ ಉಣ್ಣಽ," ಅಂದಳು ಪದ್ಮವ್ವ, "ಸರಕಾರ ಬ್ಯಾಡ ಅಂದೈತಿ."