ಎರಡು ತಟ್ಟೆಯ ಹುಣ್ಣಿಮೆ

ತಿಲಕಸಿರಿಯ ಅವತ್ತಿನ ಫಜೀತಿಗೆಲ್ಲ ಕಾರಣ ಒಂದೇ ಒಂದು ಮಾತು. ಹಿಂದಿನ ರಾತ್ರಿ ಅವನ ಮನೆಯ ಜಗಲಿಯಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದ ಡಚ್ ಹೆಂಗಸು ಅನ್ನೆಕೆ, ಬಡಿಸಲು ನಿಂತಿದ್ದ ಅವನನ್ನು ನೋಡಿ, "ನಾಳೆ ರಾತ್ರಿ ನೀವೂ ಕೂತ್ಕೊಳ್ಳಿ. ಒಟ್ಟಿಗೆ ಊಟ ಮಾಡೋಣ. ಊರೂರು ತಿರುಗಿ ಒಬ್ಬಳೇ ತಿಂದು ತಿಂದು ಸಾಕಾಗಿದೆ" ಎಂದಿದ್ದಳು.

ಅನುರಾಧಪುರದ ಆಚೆಯ ಆ ಹಳ್ಳಿಯಲ್ಲಿ ತಿಲಕಸಿರಿ ತನ್ನ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟಿದ್ದ. ಅವರನ್ನು ಆಟೋದಲ್ಲಿ ಕೂರಿಸಿಕೊಂಡು ಕೆರೆ, ಸ್ತೂಪ, ಬಂಡೆಯಲ್ಲಿ ಕೊರೆದ ಬುದ್ಧ ಎಲ್ಲ ತೋರಿಸಿ ತರುವವನೂ ಅವನೇ, ಅಡಿಗೆಯವನೂ ಅವನೇ. ಹೆಂಡತಿ ಪದ್ಮಾ ತೀರಿಕೊಂಡ ಮೇಲೆ ಅವನ ಊಟ ಒಲೆಯ ಪಕ್ಕದಲ್ಲಿ, ನಿಂತುಕೊಂಡು, ಪಾತ್ರೆಯಿಂದಲೇ. ಎಷ್ಟೋ ದೇಶದವರು ಬಂದು ಉಂಡು, ಊಟ ಚೆನ್ನಾಗಿದೆ ಎಂದು ಹೊಗಳಿ ಹೋಗಿದ್ದರು. ಕೂತ್ಕೋ ಎಂದವರು ಯಾರೂ ಇರಲಿಲ್ಲ.

ಬೆಳಿಗ್ಗೆ ಎದ್ದವನೇ ಪದ್ಮಾ ಜೋಪಾನವಾಗಿ ಎತ್ತಿಟ್ಟಿದ್ದ ನೀಲಿ ಹೂವಿನ ಎರಡು ಪಿಂಗಾಣಿ ತಟ್ಟೆಗಳನ್ನು ಕಪಾಟಿನಿಂದ ತೆಗೆದು ತೊಳೆದು ಒರೆಸಿಟ್ಟ. ಹಿತ್ತಲಿನ ಮರದಿಂದ ಎಳೆಯ ಹಲಸಿನಕಾಯಿ ಇಳಿಸಿದ. ಮಧ್ಯಾಹ್ನವಿಡೀ ಮಣ್ಣಿನ ಗಡಿಗೆಯಲ್ಲಿ ಸಣ್ಣ ಉರಿಗೆ ಬೇಯಬೇಕಾದ ಪಲ್ಯ ಅದು, ಪದ್ಮಾಳ ಕೈರುಚಿ. ಮರುದಿನ ನಸುಕಿನಲ್ಲೇ ಅನ್ನೆಕೆ ಬಸ್ಸು ಹತ್ತುವವಳಿದ್ದಳು. ಏನಿದ್ದರೂ ಇವತ್ತಿನ ರಾತ್ರಿ ಮಾತ್ರ.

ಗ್ರಹಚಾರಕ್ಕೆ ಅವತ್ತೇ ಬೌದ್ಧರ ದೊಡ್ಡ ಹಬ್ಬ, ಪೊಸೊನ್ ಹುಣ್ಣಿಮೆ. ಊರೂರಿಗೂ ದಾನಶಾಲೆ, ತಿರುವು ತಿರುವಿಗೂ ಚಪ್ಪರ. ಬಾವುಟ ಹಿಡಿದು ರಸ್ತೆಗೆ ಅಡ್ಡ ನಿಂತು, ಹೋಗಿ ಬರುವ ವಾಹನಗಳನ್ನೆಲ್ಲ ತಡೆದು, ಕೈಗೆ ತಟ್ಟೆ ಕೊಟ್ಟೇ ಬಿಡುತ್ತಾರೆ. ಬೇಡ ಎಂದರೆ ಅವರ ಪುಣ್ಯಕ್ಕೆ ಕಲ್ಲು ಹಾಕಿದ ಹಾಗೆ.

"ದೇವಸ್ಥಾನಕ್ಕೂ ಹೋಗೋದಿದೆ, ಬಿಳಿ ಬಟ್ಟೆ ಹಾಕ್ಕೊಳ್ಳಿ" ಎಂದು ಅವನೇ ಹೇಳಿದ್ದ. ಅನ್ನೆಕೆ ಬಿಳಿ ಅಂಗಿ, ಬಿಳಿ ಲಂಗ ತೊಟ್ಟು ಆಟೋ ಹತ್ತಿದಳು. ಕೆರೆ ಏರಿಯ ಮೇಲೆ ನಿಂತು ಕೊಕ್ಕರೆಗಳ ಫೋಟೋ ತೆಗೆದದ್ದೇ ತಡ, ಮೊದಲ ಬಾವುಟ ಅಡ್ಡ ಬಂತು. ಬೇಯಿಸಿದ ಮರಗೆಣಸು, ಜೊತೆಗೆ ಖಾರದ ಕಾಯಿ ಚಟ್ನಿ. ಅನ್ನೆಕೆ ಕಣ್ಣಲ್ಲಿ ನೀರು ಸುರಿಸಿಕೊಂಡು ತಿಂದು ಇನ್ನೊಂದು ತುಂಡು ಕೇಳಿದಳು.

"ಸ್ವಲ್ಪ ಹೊಟ್ಟೇಲಿ ಜಾಗ ಇಟ್ಕೊಳ್ಳಿ" ಎಂದ ತಿಲಕಸಿರಿ.

"ಪುಕ್ಕಟೆ ಕೊಡ್ತಾರಲ್ಲ, ಪಾಪ, ಹೇಗೆ ಬೇಡ ಅನ್ನೋದು?"

ಅಲ್ಲಿಂದ ಬುದ್ಧನ ಬಂಡೆಗೆ ಹೋಗುವ ದಾರಿಯಲ್ಲಿ ಒಗ್ಗರಣೆ ಹಾಕಿದ ಕಡಲೆ. ಬಂಡೆಯ ಬುಡದಲ್ಲಿ ಐಸ್‌ಕ್ರೀಮ್. ಪ್ರತಿಯೊಂದು ತುತ್ತೂ ತನ್ನ ಹಲಸಿನ ಪಲ್ಯದ ಜಾಗವನ್ನೇ ಆಕ್ರಮಿಸುತ್ತಿರುವಂತೆ ತಿಲಕಸಿರಿಗೆ ಅನ್ನಿಸಿತು. ಅವಳು ಬುದ್ಧನ ಮುಖದ ಶಾಂತಿ ನೋಡುತ್ತಿದ್ದರೆ ಇವನು ಅವಳ ಹೊಟ್ಟೆ ನೋಡುತ್ತಿದ್ದ. ನೋಡಿದವರು ತಪ್ಪು ತಿಳಿದಾರು ಎಂದು ಆಮೇಲೆ ಕಣ್ಣು ತಿರುಗಿಸಿಕೊಂಡ.

ವಾಪಸು ಬರುವಾಗ ಅವನ ಊರಿನವರದೇ ದಾನಶಾಲೆ. ಅದರ ಯಜಮಾನಿಕೆ ವಿಜೇಪಾಲನದು. ಅವನು ಸಾಮಾನ್ಯನಲ್ಲ, ಹೋದ ವರ್ಷ ಆಂಬುಲೆನ್ಸನ್ನೇ ತಡೆದು ಡ್ರೈವರಿಗೆ ಅನ್ನ ಬಡಿಸಿದವನು.

"ತಿಲಕಣ್ಣ, ಊರಿನ ಚಪ್ಪರ ದಾಟ್ಕೊಂಡು ಎಲ್ಲಿಗೆ ಓಡ್ತೀಯ? ಇಳಿಸು ಮೇಡಮ್ಮನ್ನ."

"ಅವ್ರಿಗೆ ಹೊಟ್ಟೆ ಸರಿ ಇಲ್ಲ ಕಣಪ್ಪ" ಎಂದುಬಿಟ್ಟ ತಿಲಕಸಿರಿ.

ಹುಣ್ಣಿಮೆಯ ದಿನ ಹೇಳಿದ ಸುಳ್ಳು ಅಲ್ಲೇ ಕೈಕೊಟ್ಟಿತು. ಚಪ್ಪರದಲ್ಲಿದ್ದ ಹೆಂಗಸರೆಲ್ಲ ಓಡಿಬಂದು ಆಟೋ ಸುತ್ತುವರಿದರು. ಒಬ್ಬಳು ಕೊತ್ತಂಬರಿ ಕಷಾಯ ತಂದಳು, ಇನ್ನೊಬ್ಬಳು ಅನ್ನೆಕೆಯ ಹೊಟ್ಟೆಗೆ ಎಣ್ಣೆ ಸವರಲು ಬಂದಳು. ಮುದುಕನೊಬ್ಬ ನಾಡಿ ಹಿಡಿದು, "ಬರಿ ಹೊಟ್ಟೆ. ಅದಕ್ಕೇ ಹೀಗಾಗಿದೆ" ಎಂದು ತೀರ್ಪು ಕೊಟ್ಟ. ಕೂಡಲೇ ದೊಡ್ಡ ಬಟ್ಟಲಲ್ಲಿ ಗಂಜಿ ಬಂತು, ಅದು ಮುಗಿಯುವಷ್ಟರಲ್ಲಿ ಇನ್ನೊಂದು ಬಟ್ಟಲು.

"ಎಷ್ಟು ಒಳ್ಳೆ ಜನ ನಿಮ್ಮೂರಿನವರು" ಎಂದಳು ಅನ್ನೆಕೆ, ಬಾಯಿ ಒರೆಸಿಕೊಳ್ಳುತ್ತ.

ಇನ್ನು ಇವಳನ್ನು ರಸ್ತೆಯಲ್ಲಿ ಬಿಟ್ಟರೆ ತನ್ನ ರಾತ್ರಿ ಮಣ್ಣುಪಾಲು ಎಂದು ತಿಲಕಸಿರಿಗೆ ಖಾತ್ರಿಯಾಯಿತು. ಯಾರೂ ತಿನ್ನಿಸದ ಜಾಗ ಎಲ್ಲಿದೆ ಎಂದು ತಲೆ ಕೆರೆದುಕೊಂಡವನಿಗೆ ಹೊಳೆದದ್ದು ಊರಿನ ವಿಹಾರ. ಪಕ್ಕದ ಮನೆಯ ನಂದಾವತಿ ಅಕ್ಕ ಬೆಳಗಿನಿಂದ ಅಲ್ಲೇ ಇದ್ದಳು. ಬೋಧಿವೃಕ್ಷದ ಕೆಳಗೆ ಬಿಳಿ ಸೀರೆ ಉಟ್ಟು ಕೂತಿದ್ದ ಹೆಂಗಸರ ಸಾಲಿನಿಂದ ಅವಳನ್ನು ಕರೆದು, ತಗ್ಗಿದ ದನಿಯಲ್ಲಿ ಹೇಳಿದ:

"ಅಕ್ಕ, ಇವ್ರನ್ನ ಸಂಜೆವರೆಗೆ ನೋಡ್ಕೊ. ಯಾರು ಏನು ಕೊಟ್ರೂ ತಿನ್ನೋಕೆ ಬಿಡ್ಬೇಡ. ಒಂದು ತುತ್ತೂ ಕೂಡದು."

ನಂದಾವತಿ ಅನ್ನೆಕೆಯ ಬಿಳಿ ಬಟ್ಟೆಯನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಮುಖ ಅರಳಿತು. "ಅಯ್ಯೋ ನೀನು ಬಾಯಿಬಿಟ್ಟು ಹೇಳ್ಬೇಕಾ? ಎಲ್ಲ ಗೊತ್ತಾಯ್ತು ಬಿಡು, ಹೋಗು."

"ಅಕ್ಕ ಹೇಳಿದ ಹಾಗೆ ಮಾಡಿ" ಎಂದು ಅನ್ನೆಕೆಗೂ ಹೇಳಿ, ಹೆಗಲ ಮೇಲಿನ ಭಾರ ಇಳಿದವನಂತೆ ಅವನು ಮನೆಗೆ ಬಂದ.

ಮಧ್ಯಾಹ್ನವೆಲ್ಲ ಗಡಿಗೆಯ ಮುಂದೆ ಕೂತು ಉರಿ ನೋಡಿಕೊಂಡ. ಕೆಂಪಕ್ಕಿ ಅನ್ನ, ಬೇಳೆಸಾರು, ಕಾಯಿ ತುರಿದ ಚಟ್ನಿ. ಜಗಲಿಯ ಮೇಜಿಗೆ ಬಟ್ಟೆ ಹಾಸಿ ಎರಡು ತಟ್ಟೆ ಎದುರುಬದುರು ಇಟ್ಟ. ಊಟ ಮಾಡುವಾಗ ಏನು ಮಾತಾಡುವುದು ಎಂಬ ಚಿಂತೆ ಹತ್ತಿತು. ಮಾತಾಡುತ್ತ ಉಣ್ಣುವ ಅಭ್ಯಾಸವೇ ತಪ್ಪಿಹೋಗಿತ್ತು. ಕೊನೆಗೆ ಪದ್ಮಾಳ ವಿಷಯ ಹೇಳಬೇಕೆಂದು ನಿಶ್ಚಯಿಸಿದ. ಅವಳ ಹೆಸರನ್ನು ಯಾರೆದುರಿಗೂ ಎತ್ತದೆ ಬಹಳ ಕಾಲವಾಗಿತ್ತು.

ಹೊತ್ತು ಮುಳುಗುವಾಗ ನಂದಾವತಿ ಮತ್ತು ಅನ್ನೆಕೆ ಕೈಕೈ ಹಿಡಿದುಕೊಂಡು ನಡೆದು ಬಂದರು. ಅನ್ನೆಕೆಯ ಮುಖ ಹೊಸದಾಗಿ ತೊಳೆದಂತಿತ್ತು.

"ಹಸಿವಾಗಿದೆಯಾ?" ಎಂದು ಕೇಳಿದ ತಿಲಕಸಿರಿ, ಎದೆ ಹಿಡಿದುಕೊಂಡು.

"ತುಂಬಾ. ಹೊಟ್ಟೆಯಲ್ಲಿ ಬೆಂಕಿ ಬಿದ್ದ ಹಾಗಿದೆ."

ಅವನಿಗೆ ಕುಣಿಯುವಂತಾಯಿತು. "ಹಾಗಾದ್ರೆ ಕೂತ್ಕೊಳ್ಳಿ. ಬಡಿಸ್ತೀನಿ."

"ಅಯ್ಯೋ, ಹಾಗನ್ಬೇಡಿ" ಎಂದು ಅನ್ನೆಕೆ ಎರಡು ಹೆಜ್ಜೆ ಹಿಂದೆ ಸರಿದಳು. "ನೀವೇ ಏರ್ಪಾಡು ಮಾಡಿ ಈಗ ಪರೀಕ್ಷೆ ಮಾಡ್ತಿದ್ದೀರಾ? ನಾನು ವ್ರತ ತಗೊಂಡಿದ್ದೀನಿ."

ನಂದಾವತಿ ಹೆಮ್ಮೆಯಿಂದ ವಿವರಿಸಿದಳು. "ಬಿಳಿ ಬಟ್ಟೆ ಹಾಕ್ಸಿ ಕರ್ಕೊಂಡು ಬಂದು, ಏನೂ ತಿನ್ನಿಸ್ಬೇಡ ಅಂದ್ಯಲ್ಲ. ಹುಣ್ಣಿಮೆ ದಿನ ಅದಕ್ಕೆ ಬೇರೆ ಏನರ್ಥ ಇದೆ? ಇಂಗ್ಲಿಷ್ ಬರೋ ಸಣ್ಣ ಸ್ವಾಮಿಗಳಿಗೆ ಹೇಳಿ ಅಷ್ಟಶೀಲದ ವ್ರತ ಕೊಡಿಸ್ದೆ. ಮಧ್ಯಾಹ್ನದ ಮೇಲೆ ಹಲ್ಲಿಗೆ ಏನೂ ತಾಗಿಸೋ ಹಾಗಿಲ್ಲ."

"ಸಂಜೆಗೆ ಮುಗಿಯುತ್ತಲ್ಲ ಅಕ್ಕ? ನೀವೆಲ್ಲ ಸಂಜೆಗೆ ಬಿಡ್ತೀರಲ್ಲ?" ಎಂದ ತಿಲಕಸಿರಿ.

"ನಾವು ಬಿಡ್ತೀವಪ್ಪ, ಮೊಣಕಾಲು ನೋವು. ಇವರು ಯಾವುದು ಶ್ರೇಷ್ಠ ಅಂತ ಕೇಳಿದ್ರು. ಇಡೀ ರಾತ್ರೀದು ಅಂದ್ರು ಸ್ವಾಮಿಗಳು. ನಾಳೆ ಸೂರ್ಯ ಹುಟ್ಟೋವರೆಗೆ ತಗೊಂಡ್ರು."

ಸೂರ್ಯ ಹುಟ್ಟುವ ಮೊದಲೇ ಅವಳ ಬಸ್ಸು.

"ಇಷ್ಟು ಒಳ್ಳೆ ದಿನ ನನಗೆ ಯಾರೂ ಕೊಟ್ಟಿರಲಿಲ್ಲ" ಎಂದಳು ಅನ್ನೆಕೆ. ಅವಳ ಕಣ್ಣು ತುಂಬಿತ್ತು. "ಆ ಹೆಂಗಸರ ಮಧ್ಯೆ ಕೂತಾಗ ಒಬ್ಬಳೇ ಇದ್ದೀನಿ ಅಂತ ಅನ್ನಿಸಲೇ ಇಲ್ಲ. ನಮ್ಮ ಊಟ ತಪ್ಪಿತು, ಕ್ಷಮಿಸಿ. ಈ ವಾಸನೆ ತಡೆಯೋಕಾಗ್ತಿಲ್ಲ, ನಾನು ಒಳಗೆ ಹೋಗ್ತೀನಿ. ಎತ್ತರದ ಮಂಚದಲ್ಲೂ ಮಲಗಬಾರದಂತೆ. ಒಂದು ಚಾಪೆ ಕೊಡ್ತೀರಾ?"

ತಿಲಕಸಿರಿ ಚಾಪೆ ಕೊಟ್ಟ. ಬಾಗಿಲು ಹಾಕಿಕೊಂಡಿತು.

ನಂದಾವತಿ ಗಡಿಗೆಯ ಮುಚ್ಚಳ ತೆಗೆದು ಮೂಸಿದಳು. "ನಾನೂ ಮಧ್ಯಾಹ್ನದಿಂದ ಹಸಿದಿದ್ದೀನಿ. ಒಬ್ಬನಿಗೆ ಇಷ್ಟು ಯಾಕೆ?" ಎನ್ನುತ್ತ ಮುಕ್ಕಾಲು ಪಾಲು ಪಲ್ಯ ಬಗ್ಗಿಸಿಕೊಂಡು, ಮನೆಯಲ್ಲಿ ಕಾಯುತ್ತಿದ್ದ ಗಂಡ, ಸೊಸೆ, ಮೊಮ್ಮಕ್ಕಳ ಕಡೆಗೆ ಹೊರಟಳು.

ವ್ರತದಲ್ಲಿರುವವರ ಬಾಗಿಲ ಮುಂದೆ ಕೂತು ಉಣ್ಣುವುದು ಸರಿಯಲ್ಲ. ತಿಲಕಸಿರಿ ಜಗಲಿಯ ಮೇಜಿನಿಂದ ಎರಡೂ ತಟ್ಟೆ ತೆಗೆದು ಕಪಾಟಿನಲ್ಲಿಟ್ಟ. ಒಲೆಯ ಪಕ್ಕ ನಿಂತು ಗಡಿಗೆಯಿಂದಲೇ ತಿನ್ನತೊಡಗಿದ. ಬೇಲಿಯಾಚೆ ನಂದಾವತಿಯ ಮನೆಯಲ್ಲಿ ತಟ್ಟೆಗಳ ಸದ್ದು, ನಗು ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಅವಳು ಕೂಗಿ ಹೇಳಿದಳು:

"ತಿಲಕಾ, ಪಲ್ಯ ಪದ್ಮಾ ಮಾಡಿದ ಹಾಗೇ ಇದೆ ಕಣೋ. ಉಪ್ಪು ಮಾತ್ರ ಒಂಚೂರು ಮುಂದು."

ಅವನು ಇನ್ನೊಂದು ತುತ್ತು ಬಾಯಿಗಿಟ್ಟು ನೋಡಿದ. ಉಪ್ಪು ಹೌದು, ಸ್ವಲ್ಪ ಹೆಚ್ಚೇ ಇತ್ತು.