ಅತ್ತೆಯ ಎಣ್ಣೆ, ಗುಂಡನ ಉಚ್ಚೆ

ಜೀವಿಗಳಿಗೆ ಬರುವ ಕಾಯಿಲೆ ಒಂದೇ, ಅದು ಹೊಟ್ಟೆಯದು. ಅದಕ್ಕೆ ಮದ್ದೂ ಒಂದೇ, ಹರಳೆಣ್ಣೆ! ಹೀಗೆಂದು ವೈದ್ಯಶಾಸ್ತ್ರವನ್ನೇ ಮೂಲೆಗೆ ಕೂರಿಸಿದವಳು ಚಿಕ್ಕಬಾಣಾವರದ ನನ್ನ ಸೋದರತ್ತೆ. ಗದಗಿನಿಂದ ಬಂದು ಎಷ್ಟು ಕಾಲವಾದರೂ ಅವಳ ಮಾತೂ ಬದಲಾಗಿಲ್ಲ, ಮದ್ದೂ ಬದಲಾಗಿಲ್ಲ. ತಲೆನೋವೇ? ಹೊಟ್ಟೆ. ಮಂಡಿನೋವೇ? ಅದೂ ಹೊಟ್ಟೆಯೇ! ಒಮ್ಮೆ ಕೆಮ್ಮಿದ್ದಕ್ಕೆ ನನಗೂ ಕುಡಿಸಿ ಆಫೀಸಿಗೆ ಕಳಿಸಿದಳು. ಬಸ್ಸು ಹೆಬ್ಬಾಳದ ಫ್ಲೈಓವರ್ ಮೇಲೆ ನಿಂತುಬಿಟ್ಟಿತು. ಮುಂದಿನದನ್ನು ಹೇಳಲಾರೆ. "ಕೆಮ್ಮು ಹೋತಿಲ್ಲೋ?" ಎಂದು ಸಂಜೆ ಕೇಳಿದಳು. ಹೋಗಿತ್ತು. ಕೆಮ್ಮುವ ಧೈರ್ಯ ಯಾರಿಗಿತ್ತು!

ನನ್ನ ಮೇಲೆ ಪ್ರಯೋಗ ಮಾಡಲಿ, ಸಹಿಸಿಕೊಳ್ಳುತ್ತೇನೆ. ಆದರೆ ಬಾಯಿಲ್ಲದ ಬೆಕ್ಕಿನ ಮೇಲೆ? ಕಳೆದ ವಾರ ಹೋದಾಗ ಅವಳ ಗಂಡು ಬೆಕ್ಕು ಗುಂಡ ಮರಳಿನ ಟ್ರೇಯಲ್ಲಿ ಕೂತು ತಿಣುಕುತ್ತಿದ್ದ, ಏಳುತ್ತಿದ್ದ, ಮತ್ತೆ ಕೂತು ಅರಚುತ್ತಿದ್ದ. ಮರಳು ಮಾತ್ರ ಒಣಗಿಯೇ ಇತ್ತು.

"ಹೊಟ್ಟಿ ಕಟ್ಟೇತಿ. ಹಿಡ್ಕೋ, ಎಣ್ಣಿ ಹಾಕ್ತೀನಿ."

"ಅತ್ತೆ, ಅದಕ್ಕೆ ಉಚ್ಚೆನೇ ಬರ್ತಿಲ್ಲ ಅನ್ಸುತ್ತೆ. ಡಾಕ್ಟರ್ ಹತ್ರ ಹೋಗೋಣ."

"ನೀ ಏನ್ ಬೆಕ್ಕಿನ ಡಾಕ್ಟರೇನ್?"

ಹಾಗಾದರೆ ಇವಳು ಯಾವ ಸೀಮೆ ಡಾಕ್ಟರು? ಕೇಳುವವರೇ ಇಲ್ಲ! ತಾನೇ ಹಿಡಿದು ಚಮಚ ತುರುಕಿದಳು. ಗುಂಡ ಎಲ್ಲವನ್ನೂ ಅವಳ ಸೀರೆಗೇ ವಾಂತಿ ಮಾಡಿದ. ಅಷ್ಟು ಮಾಡಿ ನೆಲಕ್ಕೆ ಒರಗಿದವನು ಮತ್ತೆ ಅರಚಲೂ ಇಲ್ಲ. ನನಗೆ ಹೆದರಿಕೆಯಾಯಿತು. ತರಕಾರಿ ಬುಟ್ಟಿಯಲ್ಲಿ ಅವನನ್ನು ಮಲಗಿಸಿ ಆಟೋ ಹತ್ತಿದೆ. ಅತ್ತೆಯೂ ಹತ್ತಿದಳು, ಬಾಟಲಿ ಸಮೇತ! ದಾರಿಯಲ್ಲಿ ಆಕಳಿಸಿದ ಆಟೋದವನಿಗೂ ಹೊಟ್ಟೆಯ ಉಪದೇಶವಾಯಿತು.

ಪಶುವೈದ್ಯರು ಗುಂಡನನ್ನು ಒತ್ತಿ ನೋಡಿದರು. "ಇದು ಹೊಟ್ಟೆ ಅಲ್ಲಮ್ಮ, ಮೂತ್ರದ ಚೀಲ. ತುಂಬಿ ಕಲ್ಲಿನ ಹಾಗೆ ಗಟ್ಟಿಯಾಗಿಬಿಟ್ಟಿದೆ. ಗಂಡು ಬೆಕ್ಕಿಗೆ ಉಚ್ಚೆ ದಾರಿ ತುಂಬಾ ಸಣ್ಣದು, ಮುಚ್ಕೊಂಡಿದೆ. ನಾಳೆವರೆಗೂ ಬಿಟ್ಟಿದ್ರೆ ಉಳೀತಿರ್ಲಿಲ್ಲ."

"ಹೊಟ್ಟಿ ಅಲ್ರೀ?"

"ಅಲ್ಲಮ್ಮ."

"ಖರೇನ ಹೊಟ್ಟಿ ಅಲ್ರೀ?"

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಎಣ್ಣೆಯ ಜೊತೆ ನುಂಗಿದ್ದ ಬೈಗುಳಗಳನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡೆ. ಅಷ್ಟರಲ್ಲಿ ವೈದ್ಯರು ಮಂಪರಿನ ಮದ್ದು ಕೊಟ್ಟು ಸಣ್ಣ ನಳಿಕೆ ತೂರಿಸಿದ್ದರು. ರಕ್ತ ಬೆರೆತ ಉಚ್ಚೆ ಹರಿಯತೊಡಗಿತು. "ಬದುಕ್ತಾನೆ" ಎಂದರು.

ಅತ್ತೆ ಗುಂಡನ ತಲೆಯ ಮೇಲೆ ಕೈಯಿಟ್ಟು ನಿಂತಿದ್ದಳು.

"ಹಂಗಾರ, ನಿಮ್ಮ ಮಾಮಾಗೂ ಅವತ್ತ ಆಗಿದ್ದು ಹೊಟ್ಟಿ ಅಲ್ಲೇನಪಾ?"

ವರ್ಷಗಳ ಹಿಂದೆ ಅವಳ ಗಂಡ, ನನ್ನ ಮಾಮಾ, ಎದೆ ಹಿಡಿದು ಕೂತ ಆ ಬೆಳಗ್ಗೆ ಗ್ಯಾಸೆಂದು ಇವಳು ಎಣ್ಣೆ ಕುಡಿಸಿದ್ದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೃದಯ ನಿಂತಿತ್ತು. ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಎತ್ತಿಲ್ಲ.

ಸಿಟ್ಟೆಲ್ಲ ಎಲ್ಲಿ ಹೋಯಿತೋ!

"ಇಲ್ಲ ಅತ್ತೆ," ಎಂದೆ. "ಅದು ಹೊಟ್ಟೇನೇ."