ಒಬ್ಬರು ಬಿಟ್ಟುಕೊಟ್ಟರೆ ಸಾಕು

ಎಲ್ಲದಕ್ಕೂ ಮೂಲ ಕಿನ್ನಾಳದ ಎರಡು ಗೊಂಬೆಗಳು. ಗಂಗಾವತಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಪರಮೇಶ, ಎರಡು ಕೆಲಸ ಒಟ್ಟಿಗೇ ನಡೆದರೆ ಏನಾಗುತ್ತದೆಂದು ತೋರಿಸಲು ಅವನ್ನು ಕ್ಲಾಸಿಗೆ ಒಯ್ದು, ಒಂದರ ಕೈ ಮುರಿದುಕೊಂಡು ಬಂದ. ಅವು ಹೆಂಡತಿ ಶಿವಲೀಲಾಳಿಗೆ ತೀರಿಹೋದ ಅಪ್ಪ ಕೊಡಿಸಿದ್ದವು. ತಪ್ಪಾಯಿತು ಎನ್ನಬೇಕಾದ ಬಾಯಿ, "ಕಟ್ಟಿಗಿ ಗೊಂಬಿಗೆ ಇಷ್ಟ್ಯಾಕ ಅಳತಿ?" ಅಂದುಬಿಟ್ಟಿತು. ಅವಳು ಯಲಬುರ್ಗಾದ ತವರಿಗೆ ಹೋದಳು. ಅವಳೇ ಬರಲಿ ಎಂದು ಇವನು, ಅವನೇ ಬಂದು ಕರೆಯಲಿ ಎಂದು ಅವಳು. ವಾರವಾದರೂ ಒಂದು ಫೋನಿಲ್ಲ.

ಅವತ್ತು ಕ್ಲಾಸಿನಲ್ಲೂ ಅದೇ ಪಾಠ. "ಇದು ಅದಕ್ಕ ಕಾಯತೈತಿ, ಅದು ಇದಕ್ಕ ಕಾಯತೈತಿ. ಎರಡೂ ನಿಂತಲ್ಲೇ ನಿಂತಾವು. ಇದಕ್ಕ ಡೆಡ್‌ಲಾಕ್ ಅಂತಾರ. ಒಬ್ಬರು ಬಿಟ್ಟುಕೊಟ್ರ ಮುಗೀತು."

ವಿದ್ಯಾರ್ಥಿನಿ ಇರ್ಫಾನಾ ಎದ್ದಳು. "ಸರ್, ಇಬ್ರೂ ಒಮ್ಮೆಲೇ ಬಿಟ್ಟುಕೊಟ್ರ?"

"ಹಂಗೆಲ್ಲಾ ಆಗೂದಿಲ್ಲವ್ವಾ, ಕುಂದ್ರು."

ಹೇಳಿದ ಪಾಠ ಅವನಿಗೇ ನಾಟಿತು. ರಜೆ ಬರೆದುಕೊಟ್ಟು ಬಸ್ ಸ್ಟ್ಯಾಂಡಿಗೆ ಓಡಿದ. ಫೋನು ಸ್ಟಾಫ್‌ರೂಮಿನಲ್ಲೇ ಚಾರ್ಜಿಗೆ ಉಳಿಯಿತು. ಕೊಪ್ಪಳದಲ್ಲಿ ಬಸ್ಸು ಬದಲಿಸಿ ಯಲಬುರ್ಗಾ ಮುಟ್ಟಿದರೆ, ಅತ್ತೆ ಕಳಕಮ್ಮ ಹಣೆ ಬಡಿದುಕೊಂಡಳು.

"ಆಕಿ ಮುಂಜಾನೆನ ನಿಮ್ಮೂರಿಗೆ ಹೋದ್ಳಲ್ಲರಿ! 'ನಾನ ಸೋಲ್ತೀನಿ ಬಿಡವ್ವಾ' ಅಂದ್ಳು."

ಪರಮೇಶನಿಗೆ ಅಳುವೇ ಬಂತು. ಬಂದ ಕಾಲಲ್ಲೇ ಹೊರಟ. ಆದರೆ ಅಳಿಯನನ್ನು ಹೋಳಿಗೆ ಉಣಿಸದೆ ಕಳಿಸುವ ಅತ್ತೆ ಆ ಸೀಮೆಯಲ್ಲೇ ಇಲ್ಲ. ಬೇಳೆ ಬೇಯಬೇಕು, ಹೂರಣ ರುಬ್ಬಬೇಕು. ಕಳಕಮ್ಮ ಒಲೆಯ ಮುಂದಿನಿಂದಲೇ ಮಗಳಿಗೆ ಗುಟ್ಟಾಗಿ ಫೋನು ಮಾಡಿದಳು: "ಅಳಿಯಂದ್ರನ್ನ ಹಿಡದು ಕುಂದರಿಸೀನಿ, ಲಗೂನ ಬಾ."

ಅಳಿಯನಿಗೆ ಮಾತ್ರ ಹೇಳಲಿಲ್ಲ. ಮಗಳನ್ನು ಥಟ್ಟನೆ ಕಂಡು ಖುಷಿಪಡಲಿ ಎಂದು. ಊಟವಾಗಿ ಅತ್ತೆ ಎಲೆ ಅಡಿಕೆ ತರಲು ಒಳಗೆ ಹೋದದ್ದೇ ತಡ, ಪರಮೇಶ ಓಟ ಕಿತ್ತ. ಕಳಕಮ್ಮ ಗಾಬರಿಯಾಗಿ ಮತ್ತೆ ಹಚ್ಚಿದ ಫೋನು ಹತ್ತುವಷ್ಟರಲ್ಲಿ ಗಂಡನ ಬಸ್ಸು, ಹೆಂಡತಿಯ ಬಸ್ಸು ಎದುರುಬದುರಾಗಿ ದಾಟಿಹೋಗಿದ್ದವು.

ಗಂಗಾವತಿಯಲ್ಲಿ ಮನೆಗೆ ಬೀಗ. ಪಕ್ಕದ ಮನೆಯ ಅನ್ನಮ್ಮ ಕಟ್ಟೆಯ ಮೇಲಿಂದಲೇ ಕೂಗಿದಳು. "ನಿಮ್ಮ ಮನಿಯಾಕಿ ಬಂದಿದ್ಲರಿ! ನೀವು ಅಲ್ಲಿ ಅದೀರಿ ಅಂತ ನಗಕೋತ ಓಡಿದ್ಲು."

ಒಳಗೆ ಅಡುಗೆ ಮುಚ್ಚಿಟ್ಟಿತ್ತು. ಪಕ್ಕದಲ್ಲಿ ಗೊಂಬೆ; ಅದರ ಮುರಿದ ಕೈಯನ್ನು ಶಿವಲೀಲಾ ಅಂಟಿಸಿ, ದಾರ ಸುತ್ತಿ ಇಟ್ಟಿದ್ದಳು. ಪರಮೇಶ ಅದನ್ನು ಕೈಗೆತ್ತಿಕೊಂಡ. ಇಷ್ಟು ಮಾಡುವ ಬುದ್ಧಿ ತನಗೆ ಒಂದು ವಾರದಿಂದ ಬರಲಿಲ್ಲವಲ್ಲ!

ತನ್ನ ಫೋನು ಬೀಗ ಬಿದ್ದ ಕಾಲೇಜಿನಲ್ಲಿ. ಅನ್ನಮ್ಮನ ಫೋನು ಕೇಳೋಣವೆಂದರೆ ಹೆಂಡತಿಯ ನಂಬರು ಅವನ ಫೋನಿಗೆ ಗೊತ್ತಿತ್ತೇ ಹೊರತು ಅವನಿಗಲ್ಲ. ಮತ್ತೆ ಚಪ್ಪಲಿ ಮೆಟ್ಟಿದ. ಹೊಸ್ತಿಲಲ್ಲಿ ಇರ್ಫಾನಾಳ ಪ್ರಶ್ನೆ ನೆನಪಾಗಿ ಕಾಲು ನಿಂತಿತು.

"ಇನ್ನ ನಾ ಅಲ್ಲಾಡೂದಿಲ್ಲ. ಆಕಿನ ಬರ್ತಾಳ" ಎಂದು ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

ಅದೇ ಹೊತ್ತಿಗೆ ಯಲಬುರ್ಗಾದಲ್ಲಿ, ಮತ್ತೆ ಹೊರಡಲು ಎದ್ದಿದ್ದ ಶಿವಲೀಲಾ ಚೀಲ ಕೆಳಗಿಟ್ಟಳು.

"ಬ್ಯಾಡವ್ವಾ, ಮತ್ತ ದಾರ್ಯಾಗ ತಪ್ಪಿಸಿಕೊಂಡೇವು. ನಾ ಇಲ್ಲೇ ಕುಂದರ್ತೀನಿ. ಅವರ ಬರ್ತಾರ."